ಹೋಲ್ಡಾನ್ ಅಂದರೆ ನಿಲ್ಲುವ ಕಾರು

ಯತಿನನ ಕಾರಿಗೆ ಬ್ರೇಕ್ ಇಲ್ಲ ಎಂಬ ಸುದ್ದಿಯನ್ನು ಪುತ್ತೂರಿನಿಂದ ಗುತ್ತಿಗಾರಿನವರೆಗೆ ಹಬ್ಬಿಸಿದವರು ಅವನ ಮಾವ ದೇವದಾಸ ರೈಗಳು. ಬ್ರೇಕ್ ಇತ್ತು. ಹಳೆಯ ಸಣ್ಣ ಕಾರು. ಒತ್ತಿದರೆ ಸ್ವಲ್ಪ ಯೋಚನೆ ಮಾಡಿ ನಿಲ್ಲುತ್ತಿತ್ತು, ಅಷ್ಟೆ. ಕಳೆದ ತಿಂಗಳು ಕಲ್ಲುಗುಂಡಿಯಲ್ಲಿ ಮಾತ್ರ ಅದರ ಯೋಚನೆ ತುಸು ಉದ್ದವಾಗಿ, ಹೋಟೆಲಿನ ಮುಂದೆ ನಿಲ್ಲಬೇಕಾದದ್ದು ಆಚೆಯ ಕೋಳಿ ಅಂಗಡಿಯ ಮುಂದೆ ನಿಂತಿತು. ಅಂದಿನಿಂದ ಮಾವ ಅದನ್ನು ಜಾರುಬಂಡಿ ಎಂದೇ ಕರೆಯುತ್ತಿದ್ದರು.

ರೈಗಳಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಒಂದು ಕಾಲದಲ್ಲಿ ಪುತ್ತೂರು–ಗುತ್ತಿಗಾರು ಲೈನಿನಲ್ಲಿ ಅವರದೊಂದು ಬಸ್ಸು ಓಡುತ್ತಿತ್ತು. ಕಂಡಕ್ಟರನಿಗೆ ಸಂಬಳ ಯಾಕೆ ಎಂದು ಮಾಲಕರೇ ಫುಟ್‌ಬೋರ್ಡಿನಲ್ಲಿ ನಿಲ್ಲುತ್ತಿದ್ದರು. ಅವರು ಬಸ್ಸಿನ ಮೈಗೆ ಬಡಿದು "ರೈಟ್ ಪೋಯಿ" ಎಂದರೆ ಬಸ್ಸು ಹೊರಡುತ್ತಿತ್ತು, "ಹೋಲ್ಡಾನ್" ಎಂದರೆ ನಿಲ್ಲುತ್ತಿತ್ತು. ಬಸ್ಸು ಹೋದರೂ ಈ ಎರಡು ಮಾತು ಅವರ ಬಾಯಲ್ಲಿ ಉಳಿದುಬಿಟ್ಟವು. ಅಳಿಯನ ಕಾರಿನ ಎಡಸೀಟಿನಲ್ಲಿ ಕೂತು, ಬಾಗಿಲಿಗೆ ಅಂಗೈ ಬಡಿದು "ಹೋಲ್ಡಾನ್" ಅನ್ನುವರು. ಅಷ್ಟು ಸಾಲದೆಂಬಂತೆ ಬಲಗಾಲನ್ನು ನೆಲಕ್ಕೆ ಒತ್ತುವರು. ಆ ಬದಿಯ ಮ್ಯಾಟು ಸವೆದು ನೀರುದೋಸೆಯಾಗಿತ್ತು.

ಕೊನೆಗೆ ಹೆಂಡತಿ ಪ್ರೀತಿಕಾ ತೀರ್ಪು ಕೊಟ್ಟಳು. "ಆದಿತ್ಯವಾರ ಗುತ್ತಿಗಾರಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಉಂಟು. ನಾನೂ ಅಮ್ಮನೂ ಮುಂಚಿನ ದಿನವೇ ಹೋಗ್ತೇವೆ. ನೀವು ಅಪ್ಪನನ್ನು ಕರ್ಕೊಂಡು ಬನ್ನಿ. ಅಪ್ಪ ಇನ್ನೊಂದು ಸಲ ಬ್ರೇಕಿನ ದೂರು ಹೇಳಿದ್ರೆ ಸೋಮವಾರ ಈ ಕಾರು ಕೊಟ್ಟುಬಿಡುದು. ಅವರು ನೋಡಿಟ್ಟ ಆ ದೊಡ್ಡ ಜೀಪು ತಕ್ಕೊಳ್ಳುವ."

ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಹಾಕಿದ ಮೇಲೆ ಯತಿನ್ ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು ಆ ಕಾರು. ಮದುವೆಗೂ ಹಿಂದಿನದು. ಭೂಮಿಯ ಮೇಲೆ ಅವನ ಮಾತನ್ನು, ತಡವಾಗಿಯಾದರೂ, ಕೇಳುತ್ತಿದ್ದ ಏಕೈಕ ಜೀವ.

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ಬ್ರೇಕುಗಳ ವಿಡಿಯೋ ನೋಡಿ ಪಂಡಿತನಾದ. ಆಮೇಲೆ ಕಾರನ್ನು ಸಾಹುಲ್ ಹಮೀದರ ಗ್ಯಾರೇಜಿಗೆ ಬಿಟ್ಟು, ಅಂಗಡಿಯಿಂದಲೇ ಫೋನು ಮಾಡಿದ.

"ದೊಡ್ಡ ಡಿಸ್ಕ್, ಹೊಸ ಪ್ಯಾಡ್, ಬೂಸ್ಟರ್, ಎಂತ ಬೇಕೋ ಎಲ್ಲ ಹಾಕಿ ಸಾಹೇಬ್ರೆ. ಎದುರಿಗೆ ಎರಡೂ ಬದಿಗೆ ಆಗ್ಬೇಕು."

"ಎರಡೂ ಬದಿಗಾ?" ಗ್ಯಾರೇಜಿನ ಗಲಾಟೆಯ ನಡುವೆ ಹಮೀದರು ಕೇಳಿದರು.

"ಒಂದೇ ಬದಿಗೆ ಹಾಕುದುಂಟಾ ಮಾರಾಯ್ರೆ? ಮಾವನ ಕಾಟ ನಿಮಗೆ ಗೊತ್ತಲ್ಲ. ಅವರು ಕೂತಲ್ಲಿಂದ ಕಾಲು ಒತ್ತಿದ್ರೂ ಸಾಕು, ಗಾಡಿ ನಿಲ್ಬೇಕು."

"ಮೊದಲೇ ಹೇಳಿದ್ದು ಒಳ್ಳೇದಾಯ್ತು," ಎಂದು ಹಮೀದರು ಫೋನಿಟ್ಟರು. ಯತಿನ್ ತನ್ನ ತಮಾಷೆಗೆ ತಾನೇ ನಕ್ಕ.

ಆದಿತ್ಯವಾರ ಬೆಳಿಗ್ಗೆ ಅವನು ಗ್ಯಾರೇಜಿಗೆ ಹೋದಾಗಲೇ ತಡವಾಗಿತ್ತು. ಚಕ್ರಗಳ ಸಂದಿನಿಂದ ಹೊಸ ಡಿಸ್ಕುಗಳು ಬೆಳ್ಳಿ ತಟ್ಟೆಗಳಂತೆ ಹೊಳೆಯುತ್ತಿದ್ದವು. "ಎಡಬದಿಯದ್ದೂ ಒಮ್ಮೆ ನೋಡಿ ಬಿಡಿ," ಎಂದರು ಹಮೀದರು. "ನೀವು ಮಾಡಿದ್ದನ್ನು ನಾನೆಂತ ನೋಡುದು," ಎಂದು ಯತಿನ್ ಹೊರಟೇಬಿಟ್ಟ. ಊರವರ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವವನು ಅವನು.

ಮಾವ ಗಂಜಿ ಹಾಕಿದ ಬಿಳಿ ಮುಂಡು ಉಟ್ಟು, ಮಲ್ಲಿಗೆಯ ಪೊಟ್ಟಣ ಹಿಡಿದು ಹತ್ತಿದರು. ಮುಂಡು ಸೀಟಿನಿಂದ ಕೆಳಗೆ ಡೇರೆಯ ಹಾಗೆ ಹರಡಿತು. "ಇವತ್ತಾದರೂ ನಿಲ್ತದಾ ನಿನ್ನ ಜಾರುಬಂಡಿ? ರೈಟ್ ಪೋಯಿ."

ಕುಂಬ್ರದಲ್ಲಿ ಮಾವ ಬಾಗಿಲಿಗೆ ಬಡಿದರು. "ಹೋಲ್ಡಾನ್."

ಕಾರು ಮೊಳೆ ಹೊಡೆದಂತೆ ನಿಂತಿತು. ಯತಿನನ ಮೂಗು ಸ್ಟೇರಿಂಗನ್ನು ಮುಟ್ಟಿ ಬಂತು.

"ಎಂತ ಮಾವ?"

"ಎಂತ ಇಲ್ಲ. ಇಲ್ಲಿ ನಮ್ಮ ಬಸ್ಸಿಗೆ ಸ್ಟಾಪ್ ಇತ್ತು." ಮಾವನ ಮುಖ ವಿಚಿತ್ರವಾಗಿತ್ತು. ಒಮ್ಮೆ ತಮ್ಮ ಪಾದದ ಕಡೆ, ಒಮ್ಮೆ ಅಳಿಯನ ಕಡೆ ನೋಡಿ, ಮುಂಡು ಸರಿಮಾಡಿಕೊಂಡು ಕಿಟಕಿಯ ಹೊರಗೆ ದೃಷ್ಟಿ ಇಟ್ಟರು.

ಅಭ್ಯಾಸಬಲದಿಂದ ತಾನೇ ಒತ್ತಿರಬೇಕು ಎಂದುಕೊಂಡ ಯತಿನ್. ಡಿಸ್ಕೆಂದರೆ ಡಿಸ್ಕು.

ಆದರೆ ಕಾವಿನಲ್ಲಿ ಮಾವ "ಹೋಲ್ಡಾನ್" ಎಂದಾಗ ಅವನ ಕಾಲು ಆಕ್ಸಿಲರೇಟರಿನ ಮೇಲೆಯೇ ಇತ್ತು. ದೇವರ ಮೇಲೆ ಆಣೆ ಇಟ್ಟು ಹೇಳಬಲ್ಲ. ಆದರೂ ಕಾರು ಮುಗ್ಗರಿಸಿ ನಿಂತು, ಇಂಜಿನ್ ಆಫ್ ಆಯಿತು. ಹಿಂದಿನ ರಿಕ್ಷಾದವನು ತುಳುವಿನಲ್ಲಿ ಏನೋ ಅಂದು ಮುಂದೆ ಹೋದ. ಯತಿನ್ ಇಳಿದು ಬಾನೆಟ್ ಎತ್ತಿದ. ಎತ್ತಿದ ಬಾನೆಟ್ ಎಂದರೆ ನಮ್ಮಲ್ಲಿ ಮದುವೆಯ ಕರೆಯೋಲೆ ಇದ್ದ ಹಾಗೆ. ಗೂಡಂಗಡಿಯ ದೇರಣ್ಣ ಚೊಂಬು ಹಿಡಿದು ಬಂದ, ಅವನ ಹಿಂದೆ ಚಾ ಕುಡಿಯುತ್ತಿದ್ದ ಮಾಯಿಲಪ್ಪ.

"ಹೊಸ ಡಿಸ್ಕಾ? ಬಿಸಿಯಾಗಿ ಕಚ್ಚಿಕೊಳ್ತದೆ. ನೀರು ಹಾಕ್ಬೇಕು," ಎಂದು ದೇರಣ್ಣ ಚಕ್ರಕ್ಕೆ ಅಭಿಷೇಕ ಶುರುಮಾಡಿದ.

"ನೀರು ಹಾಕಿದ್ರೆ ಒಡೀತದೆ ಮಾರಾಯ," ಎಂದ ಮಾಯಿಲಪ್ಪ. "ಯತಿನಣ್ಣ, ನಿಜ ಹೇಳಿ. ನಿಲ್ಲುವ ಮೊದಲು ಎಂತಾಯ್ತು?"

"ಮಾವ ಹೋಲ್ಡಾನ್ ಅಂದ್ರು."

ಇಬ್ಬರೂ ಮುಖ ನೋಡಿಕೊಂಡರು. ಮಾಯಿಲಪ್ಪ ಕಿಟಕಿಗೆ ಬಗ್ಗಿದ. "ದೇವದಾಸಣ್ಣ, ಒಮ್ಮೆ ರೈಟ್ ಹೇಳಿ ನೋಡುವ."

"ರೈಟ್ ಪೋಯಿ," ಎಂದರು ಮಾವ, ಗಂಭೀರವಾಗಿ. ಯತಿನ್ ಕೀ ತಿರುಗಿಸಿದ. ಇಂಜಿನ್ ಹಸುವಿನಂತೆ ಸಾಧುವಾಗಿ ಶುರುವಾಯಿತು.

"ನೋಡಿದ್ರಾ? ಇದು ಮೆಕ್ಯಾನಿಕ್ ಕೇಸ್ ಅಲ್ಲ," ಎಂದ ಮಾಯಿಲಪ್ಪ ಸ್ವರ ತಗ್ಗಿಸಿ. "ಇವರ ಹಳೇ ಬಸ್ಸು ಇದರೊಳಗೆ ಸೇರಿದೆ." ದೇರಣ್ಣ ಓಡಿಹೋಗಿ ಒಂದು ನಿಂಬೆಹಣ್ಣು ತಂದು ಮುಂದಿನ ಚಕ್ರದಡಿ ಇಟ್ಟ.

ನಿಂಬೆ ಅಪ್ಪಚ್ಚಿಯಾಯಿತು, ಬಸ್ಸು ಬಿಟ್ಟು ಹೋಗಲಿಲ್ಲ. ಕನಕಮಜಲಿನಲ್ಲಿ ಕಾರು ನಿಂತಿತು. ಜಾಲ್ಸೂರಿನಲ್ಲಿ ನಿಂತಿತು. ಅಲ್ಲಿ ಒಬ್ಬ ಮುದುಕ ಹಿಂದಿನ ಬಾಗಿಲು ತೆರೆದು "ಸೊಣಂಗೇರಿ ಒಂದು" ಎಂದು ಟಿಕೇಟು ಕೇಳುವುದೂ, ಮಾವ ಆತನನ್ನು ಪ್ರೀತಿಯಿಂದ ಹತ್ತಿಸಿಕೊಳ್ಳುವುದೂ ಆಯಿತು. ಮುದುಕ ಇಳಿದ ಮೇಲೆ ಯತಿನ್ ಮರೆಯಲ್ಲಿ ನಿಂತು ಹಮೀದರಿಗೆ ಫೋನು ಮಾಡಿದ.

"ಸಾಹೇಬ್ರೆ, ಬ್ರೇಕ್ ತನ್ನಷ್ಟಕ್ಕೇ ಹಿಡೀತದೆ."

"ಹಿಡೀಲಿಕ್ಕೇ ಹಾಕಿದ್ದಲ್ವಾ?"

"ನಾನು ಒತ್ತುದೇ ಇಲ್ಲ ಮಾರಾಯ್ರೆ."

"ಮಾವ ಕೂತಿದ್ದಾರಾ?"

"ಕೂತಿದ್ದಾರೆ."

"ಹಾಗಾದ್ರೆ ಸರಿಯೇ ಉಂಟು." ಅಷ್ಟಕ್ಕೆ ರೇಂಜು ಹೋಯಿತು.

ಎಲಿಮಲೆ ದಾಟಿದ ಮೇಲೆ ರಸ್ತೆ ಇಳಿಜಾರು. ಈ ಸಲ ಕಳ್ಳನನ್ನು ಹಿಡಿದೇ ಸಿದ್ಧ ಎಂದು ಯತಿನ್ ಒಂದು ಕಣ್ಣನ್ನು ರಸ್ತೆಯ ಮೇಲೂ ಒಂದು ಕಣ್ಣನ್ನು ತನ್ನ ಕಾಲಬುಡದ ಪೆಡಲಿನ ಮೇಲೂ ಇಟ್ಟ. ತಿರುವಿನಲ್ಲಿ ರಸ್ತೆಯ ಕಣ್ಣೂ ಕೆಳಗಿಳಿಯಿತು. ಅದೇ ಹೊತ್ತಿಗೆ ರಬ್ಬರ್ ಮರ ತುಂಬಿದ ಲಾರಿಯೊಂದು ರಸ್ತೆಯಗಲಕ್ಕೂ ಬಂತು.

"ಹೋಲ್ಡಾನ್."

ಯತಿನ್ ಕಣ್ಣಾರೆ ಕಂಡ: ಯಾರೂ ಮುಟ್ಟದ ಪೆಡಲು ತಾನಾಗಿ ಕೆಳಗೆ ಹೋಯಿತು. ತಲೆ ಎತ್ತಿದಾಗ ಲಾರಿಯ ಬಂಪರಿಗೂ ಕಾರಿಗೂ ನಡುವೆ ಒಂದು ಕೈ ತೂರುವಷ್ಟು ಜಾಗವಿತ್ತು. ಮಲ್ಲಿಗೆಯ ಪೊಟ್ಟಣ ಕೆಳಗೆ ಬಿದ್ದು, ಕಾರಿಡೀ ಘಮಘಮ ಎನ್ನುತ್ತಿತ್ತು. ಲಾರಿಯವನು ನಿಧಾನಕ್ಕೆ ಹಿಂದೆ ಸರಿದ.

"ಬ್ರೇಕ್ ಅಂದ್ರೆ ಇದು," ಎಂದರು ಮಾವ.

ಗುತ್ತಿಗಾರಿನ ಚಪ್ಪರದಲ್ಲಿ ಇಳಿದವರೇ ಅವರು ಬೀಗರು, ಭಟ್ಟರು, ಅಡುಗೆಯವರು ಎಲ್ಲರಿಗೂ ಕೇಳುವಂತೆ ಸಾರಿದರು: "ಈ ಕಾರನ್ನು ಯಾರೂ ಮಾರುದು ಬೇಡ." ಪ್ರೀತಿಕಾ ದೂರದಿಂದಲೇ ಗಂಡನಿಗೆ ಕಣ್ಣು ಮಿಟುಕಿಸಿದಳು. ಕಾರು ಉಳಿಯಿತು. ಆದರೆ ದೆವ್ವ ಹೊಕ್ಕ ಕಾರು ಉಳಿದು ಪ್ರಯೋಜನವೇನು ಎಂದು ಯತಿನನಿಗೆ ಪಾಯಸವೂ ಇಳಿಯಲಿಲ್ಲ.

ಬಿದ್ದ ಮಲ್ಲಿಗೆ ತರಲು ಹೋಗಿ ಎಡಸೀಟಿನ ಕೆಳಗೆ ಬಗ್ಗಿದಾಗ ಅವನ ಹಣೆಗೆ ಏನೋ ತಣ್ಣಗೆ ತಾಗಿತು. ಹೊಸ ಮ್ಯಾಟಿನ ಮೇಲೆ, ಮಾವನ ಬಲಗಾಲು ಇರುವ ಜಾಗದಲ್ಲೇ, ಫಳಫಳ ಹೊಳೆಯುವ ಒಂದು ಬ್ರೇಕ್ ಪೆಡಲು.

ಯತಿನ್ ಅಲ್ಲೇ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದೆವ್ವವಿಲ್ಲ, ಬಸ್ಸಿಲ್ಲ, ತನ್ನ ತಲೆಯೂ ನೆಟ್ಟಗಿದೆ. ಹಮೀದರಿಗೆ ಫೋನು ಮಾಡಿದ.

"ಎದುರಿಗೆ ಎರಡೂ ಬದಿಗೆ ಅಂತ ನೀವೇ ಹೇಳಿದ್ದಲ್ವಾ? ಡ್ರೈವಿಂಗ್ ಸ್ಕೂಲಿನ ಕಾರಿಗೆ ಹಾಕುದು ಅದನ್ನೇ. ಬೇಡ ಆದ್ರೆ ನಾಳೆ ತನ್ನಿ, ತೆಗೆದು ಕೊಡ್ತೇನೆ."

"ನಾಳೆ ಬೆಳಿಗ್ಗೆಯೇ ತರ್ತೇನೆ," ಎನ್ನುವಷ್ಟರಲ್ಲಿ ಹೆಗಲ ಮೇಲೆ ಒಂದು ಕೈ ಬಿತ್ತು. ಮಾವ.

"ನನಗೆ ಕುಂಬ್ರದಲ್ಲೇ ಗೊತ್ತಾಯ್ತು ಯತಿನ್. ನೀನು ಹೇಳದೆ ಹಾಕಿಸಿದ್ದೀ, ನಾನೂ ಹೇಳದೆ ಒತ್ತಿದೆ." ಅವರು ಬಗ್ಗಿ ಪೆಡಲನ್ನೊಮ್ಮೆ ಸವರಿದರು. "ಅಷ್ಟು ಕಾಲ ಹೋಲ್ಡಾನ್ ಹೇಳಿದ್ದೇ ಬಂತು. ನಿಲ್ಸುತ್ತಿದ್ದದ್ದು ಯಾವಾಗಲೂ ಡ್ರೈವರು. ಮನಸ್ಸಾದ್ರೆ ನಿಲ್ಸುತ್ತಿದ್ದ, ಇಲ್ಲದಿದ್ರೆ ಇಲ್ಲ. ಇವತ್ತು ಮೊದಲ ಸಲ ನಾನು ಹೇಳಿದಲ್ಲಿ ನಾನೇ ನಿಲ್ಸಿದ್ದು. ಸ್ವಂತ ಮಗನಾದ್ರೂ ಇಷ್ಟು ಮಾಡ್ತಿದ್ನೋ ಇಲ್ವೋ."

ಯತಿನ್ ಫೋನನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ.

ಸಂಜೆ ನಾಲ್ವರೂ ಕಾರಿನಲ್ಲಿ ಹೊರಟರು. ಮಾವ ತಮ್ಮ ಪೆಡಲಿನ ಮೇಲೆ ಪಾದವಿಟ್ಟು ಆರಾಮವಾಗಿ ಕೂತಿದ್ದರು. ಪೆಡಲು ತೆಗೆಸಿದರೆ ಜೀಪು. ಬಿಟ್ಟರೆ ಕುಂಬ್ರ, ಕಾವು, ಕನಕಮಜಲು. ಇರಲಿ, ಲಾರಿಗೆ ತಾಗಲಿಲ್ಲ, ಕಾರೂ ಕೈತಪ್ಪಲಿಲ್ಲ ಎಂದು ಯತಿನ್ ನೆಮ್ಮದಿಯ ಉಸಿರುಬಿಟ್ಟ.

ಹಿಂದಿನ ಸೀಟಿನಿಂದ ಚೆನ್ನು ಅತ್ತೆ ಕೆಮ್ಮಿದರು. "ಯತಿನ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಮದುವೆಯಾದಲ್ಲಿಂದ ಇವರ ಹೋಲ್ಡಾನಿಗೆ ನಿಂತವಳು ನಾನು. ಅಂಥದ್ದೊಂದು ಇಲ್ಲಿ ಹಿಂದಿನ ಸೀಟಿಗೂ ಆಗ್ತದಾ?"

"ಹಾಕಿಸುದಾದ್ರೆ," ಎಂದಳು ಅವರ ಪಕ್ಕ ಕೂತ ಪ್ರೀತಿಕಾ, "ಎರಡೂ ಬದಿಗೆ ಹಾಕ್ಸಿ."

ಯತಿನ್ ಕಾರು ನಿಲ್ಲಿಸಲೆಂದು ಕಾಲೆತ್ತಿದ. ಅಷ್ಟರಲ್ಲಿ ಅದು ನಿಂತಿತ್ತು.