ಮುಳುಗಬೇಕಾಗಿದ್ದ ಮನೆ

ಚನಮಲ್ಲಪ್ಪನವರಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾರಣವಿಷ್ಟೆ: ಹೊಳೆ ಅವರ ಮನೆಯನ್ನು ಇನ್ನೂ ಮುಳುಗಿಸಿರಲಿಲ್ಲ!

ಗಾಬರಿಯಾಗಬೇಡಿ, ತಲೆ ನೆಟ್ಟಗೇ ಇತ್ತು. ಅಣೆಕಟ್ಟು ಎತ್ತರಿಸುತ್ತಾರೆಂಬ ಸುದ್ದಿ ಹಬ್ಬಿದ ವರ್ಷ ಅದು. ಜಮಖಂಡಿಯ ಸೊಸೈಟಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರ ಕಿವಿಯಲ್ಲಿ ಪ್ಲಾಟಿನ ದಲ್ಲಾಳಿ ಮುದಕಪ್ಪ ಊದಿದ್ದ.

"ಸಾವ್ಕಾರ್ರ, ರೊಕ್ಕ ಇಲ್ದನ ರೊಕ್ಕ ಮಾಡೂದು ಒಂದು ವಿದ್ಯೆ ಐತ್ರಿ. ಜಮಖಂಡಿ ಮನಿ ಮೂರು ವರ್ಷ ಲೀಜಿಗೆ ಕೊಡ್ರಿ. ಬಂದ ಇಡಗಂಟಿನಾಗ ಅನಗವಾಡಿ ಹೊಳಿ ದಂಡಿಗೆ ಹಳೇ ಮನಿ ಹಿಡೀರಿ. ಅದು ಮುಳುಗತೈತಿ. ಪರಿಹಾರ ಬರತೈತಿ, ಮ್ಯಾಲ ಒಂದು ಪ್ಲಾಟ್! ಲೀಜಿನವರ ರೊಕ್ಕ ಅವರಿಗೆ ಒಗದ್ರ ಉಳಿದದ್ದೆಲ್ಲಾ ನಿಮ್ದ."

(ಮುಳುಗದಿದ್ದರೆ? ಇಡಗಂಟು ತಿರುಗಿ ಕೊಡಲಾಗದು, ಜಮಖಂಡಿ ಮನೆ ಕೈಗೆ ಬಾರದು. ಆದರೆ ಈ ಕ್ಷುಲ್ಲಕ ಪ್ರಶ್ನೆ ನಮ್ಮ ಮಹಾ ಅರ್ಥಶಾಸ್ತ್ರಜ್ಞರಿಗೆ ಹೊಳೆಯಲಿಲ್ಲ.)

ಮುಳುಗುವ ಮನೆ ಎಂದರೆ ಹೆಂಡತಿ ಗುರುಬಸವ್ವ ಹೊಸ್ತಿಲು ದಾಟುವವಳಲ್ಲ. ಅದಕ್ಕೆ ಒಂದು ಸುಳ್ಳು ಬಿಟ್ಟರು. "ನಿನಗಂತನ ತಗೊಂಡೇನಿ ಬೇ. ಹೊಳಿ ಗಾಳಿ ತಗೋಂತ ಇಬ್ರೂ ಆರಾಮ ಇರೂಣು."

"ಖರೇನ್ರೀ?" ಗುರುಬಸವ್ವನ ಕಣ್ಣು ತುಂಬಿ ಬಂದವು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ತಾನಾಗಿ ತಂದುಕೊಟ್ಟದ್ದು ಒಂದು ಇಕ್ಕಳ ಮಾತ್ರ, ಅದೂ ತನ್ನದೇ ಬೆರಳು ಸುಟ್ಟುಕೊಂಡ ಮೇಲೆ.

ಅನಗವಾಡಿಗೆ ಬಂದಿಳಿದದ್ದೇ ಶುರುವಾಯಿತು ಸಂಕಟ. ಆಕೆ ಗೋಡೆಗೆ ಸುಣ್ಣ ಹೊಡೆಸಿದಳು, ಹಿತ್ತಲಿಗೆ ಮಲ್ಲಿಗೆ ಹಚ್ಚಿದಳು, ಸೂರಿನ ಹಂಚು ಬದಲಿಸಿದಳು.

"ಇಷ್ಟೆಲ್ಲಾ ಯಾಕ ಬೇಕಿತ್ತು?" ಎಂದು ಚನಮಲ್ಲಪ್ಪ ಗೊಣಗಿದರೆ, "ಮನಿ ಅಂದ್ಮ್ಯಾಲ ಮನಿಹಂಗ ಇರಬೇಕ್ರಿ" ಎನ್ನುತ್ತಿದ್ದಳು. ಮೀನುಗಳಿಗೆ ಬಿಳಿ ಗೋಡೆ ಯಾಕೆ ಎಂದು ಇವರು ಒಳಗೊಳಗೇ ಕುದಿಯುತ್ತಿದ್ದರು. ಬೆಳಿಗ್ಗೆ ಎದ್ದವರೇ ಹೊಳೆಗೆ ಓಡಿ ನೀರು ಎಷ್ಟು ಏರಿದೆ ಎಂದು ನೋಡಿ, ಬೀಳಗಿಯಲ್ಲಿ ಬಸ್ಸು ಬದಲಿಸಿ ಜಮಖಂಡಿಗೆ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಸಂಜೆ ಬಂದಾಗ ಗುರುಬಸವ್ವ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮನಿ ಉಳಿಸೇನ್ರೀ!"

"ಯಾರಿಂದ?"

"ಸರ್ವೇದವರು ಬಂದಿದ್ರು. ಹಿತ್ತಲ ಆಚೆಕ ಮುಳುಗಡಿ ಕಲ್ಲು ಹುಗ್ಯಾಕತ್ತಿದ್ರು. ಹೊಳಿ ನೀರು ಆ ಕಲ್ಲಿನ ತನಕ ಏರತೈತಂತ. ಮನಿ ಪೂರಾ ಹೋಕ್ಕೈತಿ ಅಂದ್ರು. ನಾ ಬಿಡತೇನೇನು? 'ನಮ್ಮನಿಯವ್ರು ನನಗಂತ ಆಸೇಲೆ ತಂದ ಮನಿ, ಇನ್ನೊಮ್ಮೆ ಅಳೀರಿ' ಅಂತ ಅತ್ತೆ. ಚಹಾ ಕೊಟ್ಟೆ, ಶೇಂಗಾ ಹೋಳಿಗಿ ಕೊಟ್ಟೆ. ಮತ್ತ ಅಳದ್ರು ನೋಡ್ರಿ, ಮೊದಲಿನ ಅಳತಿನ ತಪ್ಪಿತ್ತು! ಕಲ್ಲು ಹೊಳಿ ಕಡೆ ನಮ್ಮ ಮುಂಬಾಗಲ ಮೆಟ್ಟಲದ ಕೆಳಗ ಬಂತು. ಮನಿಗೆ ನೀರು ಬರಂಗಿಲ್ಲಂತ ಬರಸಿಕೊಂಡೇನಿ."

"ಬರಸಿಕೊಂಡಿ?"

"ಸಹಿ ಮಾಡಿಸಿ ಸಿಕ್ಕಾನೂ ಹೊಡಸೇನಿ."

ಚನಮಲ್ಲಪ್ಪನವರು ಆಕೆಗೆ ಕೇಳದಂತೆ ಹಿತ್ತಲಿಗೆ ಓಡಿ ಮುದಕಪ್ಪನಿಗೆ ಫೋನು ಹಚ್ಚಿದರು. "ಈ ಮನೀನ ಯಾರಿಗಾರ ದಾಟಸಲೇ!"

"ಮುಳುಗದ ಮನಿ ಯಾರು ತಗೋತಾರ್ರಿ ಸಾವ್ಕಾರ್ರ?" ಎಂದು ಮುದಕಪ್ಪ ಫೋನಿಟ್ಟ.

ತಿರುಗಿ ಬಾಗಿಲಿಗೆ ಬಂದು ಹೆಂಡತಿಯನ್ನು ಬೈಯಲೆಂದು ಬಾಯಿ ತೆರೆದರು. ಕುಂಕುಮ, ಬೆವರು, ಸಂತೋಷ ಎಲ್ಲ ಬೆರೆತ ಆಕೆಯ ಮುಖ ನೋಡಿ ಮುಚ್ಚಿದರು.

"ಅಯ್ಯ, ಕಣ್ಣಾಗ ನೀರು ಬಂದಾವಲ್ರಿ!"

"ಆನಂದಕ್ಕ," ಎಂದರು ಚನಮಲ್ಲಪ್ಪ.

ಆಕೆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅವರ ಕೈಗೆ ತೆಂಗಿನಕಾಯಿ ಕೊಟ್ಟಳು. "ನೀವ ಒಡೀರಿ. ಇನ್ನ ಸಾಯೂತನಾ ಇಲ್ಲೇ ಇರೂಣು."

ಒಡೆದರು. ಆ ಮನೆಯ ಮೆಟ್ಟಿಲಿಗೆ ಕೊನೆಗೂ ನೀರು ತಾಗಿತು, ತೆಂಗಿನಕಾಯಿಯದು.