ಹಸಿವೇ ಆಗದ ಕಾರುಗಳ ಲೆಕ್ಕ

ಮಾರ್ಗಿಲಾನ್ ಊರಿನ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರನ್ನು ನಾನೇ ಕಾಪಾಡುತ್ತೇನೆಂದು ಪಣ ತೊಟ್ಟೆ. ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಇಪ್ಪತ್ತು ಕರೆಂಟ್ ಕಾರುಗಳು ಯಾವ ಮಹಾ! ಯಾವ ಮನೆಯ ಕಾರು ಎಷ್ಟು ಹೊತ್ತಿಗೆ ಚಾರ್ಜಿಗೆ ನಿಲ್ಲುತ್ತದೆಂದು ತಿಳಿದರೆ ಸಾಕು. ಬೀದಿಯ ಮೇಲೆ ಬೀಳುವ ಹೊರೆಯನ್ನು ಕಂಪ್ಯೂಟರಿನಲ್ಲಿ ಮೊದಲೇ ಕಾಣಬಹುದು.

ನೋಟುಪುಸ್ತಕ ಹಿಡಿದು ಮನೆಮನೆಗೆ ಹೋದೆ. ನಮ್ಮವರ ಮರ್ಯಾದೆ ಕೇಳಬೇಕೆ? ಎಲ್ಲ ಮನೆಯಲ್ಲೂ ಚಹಾ, ಎಲ್ಲ ಮನೆಯಲ್ಲೂ ಒಂದೇ ಉತ್ತರ. ನೆರೆಯ ಸೋಬಿರ್ ಎದೆಯ ಮೇಲೆ ಕೈಯಿಟ್ಟು, "ಮೊದ್ಲು ಪಕ್ಕದ್ಮನೆಯವ್ರದು ಆಗ್ಲಿ ಮೇಷ್ಟ್ರೇ. ನಮ್ದೇನು, ಆಮೇಲೆ ಹಾಕ್ಕೋತೀವಿ" ಎಂದ. ಅವನ ಪಕ್ಕದವರೂ ಹಾಗೆಯೇ ಅಂದರು. ಹೇಳಿದ್ದನ್ನು ಹೇಳಿದಂತೆಯೇ ತುಂಬಿದೆ. ಕಂಪ್ಯೂಟರ್ ತೀರ್ಪಿತ್ತಿತು: ಈ ಬೀದಿಯಲ್ಲಿ ಯಾವ ಕಾರೂ ಎಂದೆಂದಿಗೂ ಚಾರ್ಜ್ ಆಗುವುದಿಲ್ಲ, ಟ್ರಾನ್ಸ್‌ಫಾರ್ಮರ್ ಪ್ರಳಯದವರೆಗೂ ಕ್ಷೇಮ. ವರದಿಗೆ ಹೆಮ್ಮೆಯಿಂದ ಸಹಿ ಹಾಕಿ ವಿದ್ಯುತ್ ಕಚೇರಿಗೆ ಕೊಟ್ಟೆ. ನಮಗೆ ಬರಬೇಕಿದ್ದ ದೊಡ್ಡ ಟ್ರಾನ್ಸ್‌ಫಾರ್ಮರ್ ಹಿಂದಿನ ಬೀದಿಯ ಪಾಲಾಯಿತು.

ಆ ಭಾನುವಾರವೇ ಮೊಮ್ಮಗಳು ಗುಲ್ಚೆಹ್ರಾಳ ನಿಶ್ಚಯ. ಹುಡುಗ ಹುಡುಗಿ ಒಪ್ಪಿದ್ದರು. ಹುಡುಗನ ತಾತನಿಗೆ ಮಾತ್ರ ಮನಸ್ಸಿರಲಿಲ್ಲ. ಹಿರಿಯರು ರೊಟ್ಟಿ ಮುರಿದರೆ ತಾನೇ ಸಂಬಂಧ ಗಟ್ಟಿ? ಬೀಗರು ನಮಂಗಾನದಿಂದ ಎಂಟು ಕರೆಂಟ್ ಕಾರುಗಳಲ್ಲಿ, ಬ್ಯಾಟರಿ ಬರಿದು ಮಾಡಿಕೊಂಡು ಬಂದಿಳಿದರು.

ಅತಿಥಿಯ ಕಾರು ಹಸಿದು ಹೋಗುವುದುಂಟೆ? ನೆರೆಯವರು ನಾ ಮುಂದು ತಾ ಮುಂದು ಎಂದು ಎಂಟು ಕಾರುಗಳನ್ನೂ ಎಂಟು ಮನೆಗಳ ಮುಂದೆ ಒಂದೇ ಸಲಕ್ಕೆ ಚಾರ್ಜಿಗೆ ಹಾಕಿದರು. ಹೆಂಡತಿ ಮುಹಬ್ಬತ್ ನನ್ನತ್ತ ನೋಡಿದಳು. ಲೆಕ್ಕ ಮಾಡಿದ್ದೇನೆ, ಗಾಬರಿ ಬೇಡವೆಂದೆ.

ಢಂ!

ಫ್ಯಾನು ನಿಂತಿತು. ಹೊರಗೆ ನಲವತ್ತೆರಡು ಡಿಗ್ರಿ. ಹುಡುಗನ ತಾತ ಚಹಾದ ಬಟ್ಟಲು ಕೆಳಗಿಟ್ಟು, "ಯೋಚ್ನೆ ಮಾಡಿ ಹೇಳ್ತೀವಿ" ಎಂದು ಎದ್ದರು. ಎದ್ದರೇನು, ಕಾರುಗಳು ಅಲ್ಲಾಡಬೇಕಲ್ಲ!

"ನಿಮ್ಮ ಲೆಕ್ಕಕ್ಕೆ ನನ್ನ ಮೊಮ್ಮಗಳೇ ಬೇಕಿತ್ತೇನ್ರೀ?" ಎಂದಳು ಮುಹಬ್ಬತ್, ಹಲ್ಲು ಕಚ್ಚಿ.

ತಾತ ವಿಧಿಯಿಲ್ಲದೆ ಮತ್ತೆ ಕೂತರು. ಪಲಾವು ಬಂತು. ಕರೆಂಟ್ ಬರಲಿಲ್ಲ. ಕರಬೂಜ, ಸಮೋಸ, ಕುರಿಮಾಂಸದ ಸಾರು ಬಂದವು. ಕರೆಂಟ್ ಬರಲಿಲ್ಲ. ಸಂಜೆ ಆರಕ್ಕೆ ತಾತ ಬೆವರೊರೆಸಿಕೊಂಡು, "ಒಂದೇ ಮನೇಲಿ ಮೂರು ಸಲ ಉಂಡು ಇಲ್ಲ ಅನ್ನೋಕೆ ನಂಗೆ ಮುಖ ಇಲ್ಲಪ್ಪ" ಎನ್ನುತ್ತ ತಾವೇ ರೊಟ್ಟಿಯೆತ್ತಿ ಮುರಿದರು.

ಮರುದಿನ ಬೀದಿಯವರ ಕ್ಷಮೆ ಕೇಳಲು ತಲೆ ತಗ್ಗಿಸಿ ಹೊರಟೆ. ಸೋಬಿರ್ ಬಾಗಿಲಲ್ಲೇ ನನ್ನ ತೋಳು ಹಿಡಿದು ದನಿ ತಗ್ಗಿಸಿದ:

"ಮೇಷ್ಟ್ರೇ, ಗುರುವಾರ ನಮ್ಮ ಹುಡುಗೀನ ನೋಡೋಕೆ ಬರ್ತಾರೆ. ಅಷ್ಟರೊಳಗೆ ಕರೆಂಟ್ ಬಂದ್ಬಿಡುತ್ತಂತೆ. ನಮಗೂ ಇಂಥದೇ ಒಂದು ಲೆಕ್ಕ ಹಾಕ್ಕೊಡ್ತೀರಾ?"