ತಂಬೂರಿಯವನ ಹಟ

ಸಂಗೀತ ಕಚೇರಿಗೆ ಹೋಗಿಬಂದವರಲ್ಲಿ ತಂಬೂರಿಯವನ ಮುಖ ನೆನಪಿಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಕಾಫಿ ಕೊಡಿಸುತ್ತೇನೆ. ನೀವು ಬರುವುದಿಲ್ಲ, ನನಗೆ ಗೊತ್ತು. ಹಾಡಿದವರ ಸೀರೆಯ ಅಂಚು ನೆನಪಿರುತ್ತದೆ, ಮೃದಂಗದವನ ಬೆವರು ನೆನಪಿರುತ್ತದೆ, ನಿರೂಪಕಿ ತಪ್ಪಾಗಿ ಹೇಳಿದ ರಾಗದ ಹೆಸರೂ ನೆನಪಿರುತ್ತದೆ. ಹಿಂದೆ ಕೂತು ಇಡೀ ಸಂಜೆ ಅವೇ ನಾಲ್ಕು ತಂತಿ ಮೀಟಿದವನು ಮಾತ್ರ ಫೋಟೋದಲ್ಲೂ ಒಂದು ಕಿವಿಯಷ್ಟೇ ಬಂದಿರುತ್ತಾನೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಿಗಾದರೂ ಹಾಡು ಅಂತ ಒಂದಿದೆ, ನನಗೆ ಅದೂ ಇಲ್ಲ. ಆದರೂ ಹೇಳುತ್ತೇನೆ: ನಾನು ತಂಬೂರಿಯವನು, ನನಗೆ ಅದರಲ್ಲಿ ಕಿಂಚಿತ್ತೂ ನಾಚಿಕೆಯಿಲ್ಲ.

ತಂಬೂರಿ ನನ್ನ ಕೈಗೆ ಬಂದದ್ದು ಮೈಸೂರಿನಲ್ಲಿ. ವರ್ಷಗಟ್ಟಲೆ ಹಾಡು ಕಲಿತ ಮೇಲೆ ನಮ್ಮ ಸಂಗೀತದ ಮೇಷ್ಟ್ರು ಒಂದು ದಿನ, "ನಿನ್ನ ಕಿವಿ ಬಹಳ ಚೆನ್ನಾಗಿದೆ ಕಣಯ್ಯಾ" ಎಂದು ಹೇಳಿ ತಂಬೂರಿಯನ್ನು ನನ್ನ ತೊಡೆಗೆ ಒರಗಿಸಿಬಿಟ್ಟರು. ಗಂಟಲಿನ ಬಗ್ಗೆ ಏನೂ ಹೇಳಲಿಲ್ಲ. ಅದೇ ತಂಬೂರಿಯೊಂದಿಗೆ ಈಗ ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಲ್ಲಿದ್ದೇನೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತೇನೆ. ಇಲ್ಲಿ ನಾವು ಮೂವರು ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಉಡುಪಿಯ ವಾರಿಜಕ್ಕ ಶಾಸ್ತ್ರೀಯ ಸಂಗೀತದವರು, ಗತ್ತಿನ ಹೆಂಗಸು. ಬೆಂಗಳೂರಿನ ಕಿರಣ ಸುಗಮ ಸಂಗೀತದವನು, ಕೀಬೋರ್ಡು ನುಡಿಸುತ್ತಾನೆ. ಮೂರನೆಯವನು ನಾನು. ಸುದ್ದಿ ಕೇಳಿ ನಮ್ಮಮ್ಮ ಫೋನಿನಲ್ಲಿ ಗಾಬರಿಯಾದಳು. "ಬ್ಯಾಂಡ್ ಸೆಟ್ಟೇನೋ? ಕೆಂಪು ಕೋಟು ಹಾಕ್ಕೊಂಡು ಮದುವೆ ದಿಬ್ಬಣದ ಮುಂದೆ ನಡಿಯೋದಾ? ಇಷ್ಟು ಓದ್ಸಿದ್ದು ಇದಕ್ಕಾ?" ಹಾಗಲ್ಲಮ್ಮ, ಕೂತು ನುಡಿಸುವ ಬ್ಯಾಂಡು ಎಂದೆ. "ಸದ್ಯ, ಕಾಲಾದ್ರೂ ನೋಯಲ್ಲ" ಅಂದಳು.

ತಕರಾರು ಶುರುವಾದದ್ದು ರಾಜ್ಯೋತ್ಸವದ ಕಾರ್ಯಕ್ರಮ ಹತ್ತಿರ ಬಂದಾಗ. ವಾರಿಜಕ್ಕನ ಮನೆಯಲ್ಲಿ ಅಭ್ಯಾಸ ಮುಗಿದು ಅವಲಕ್ಕಿ ತಿನ್ನುತ್ತಿದ್ದೆವು. ಕಿರಣ ಮೆಲ್ಲಗೆ ತನ್ನ ಮೊಬೈಲನ್ನು ನನ್ನ ತಟ್ಟೆಯ ಪಕ್ಕ ಇಟ್ಟ. ಅದರೊಳಗಿಂದ ತಂಬೂರಿಯ ನಾದ ಬರುತ್ತಿತ್ತು, ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಶುದ್ಧವಾಗಿ.

"ಸರ್, ತಪ್ಪು ತಿಳ್ಕೋಬೇಡಿ. ಆ್ಯಪ್ ಇದೆ. ಸ್ಟೇಜ್ ಬೇರೆ ಚಿಕ್ಕದು. ನೀವು ಕೆಳಗೆ ಸೌಂಡ್ ನೋಡ್ಕೊಂಡ್ರೆ ನಮಗೆ ದೊಡ್ಡ ಹೆಲ್ಪ್ ಆಗತ್ತೆ."

ನನ್ನ ಬಾಯಲ್ಲಿದ್ದ ಅವಲಕ್ಕಿ ಅಲ್ಲೇ ನಿಂತಿತು. ಸೌಂಡ್ ನೋಡಿಕೊಳ್ಳುವುದೆಂದರೆ ವೈರಿನ ಪಕ್ಕ ಕಾವಲು ಕೂರುವುದು. "ಶ್ರುತಿ ಅಂದ್ರೆ ತಾಯಿ ಕಣಪ್ಪ, ಲಯ ತಂದೆ. ತಾಯಿನ ಯಾರಾದ್ರೂ ಆ್ಯಪಲ್ಲಿ ಇಡ್ತಾರಾ?" ಎಂದು ಗುಡುಗಿದೆ.

"ನಮ್ಮಮ್ಮನೂ ನಂಗೆ ಆ್ಯಪಲ್ಲೇ ಸಿಗೋದು ಸರ್," ಅಂದ ಕಿರಣ. ಪಾಪ, ಜಗಳಕ್ಕೆ ಅಂದದ್ದಲ್ಲ. ಅವನು ಊರಿಗೆ ಹೋಗಿ ಬಹಳ ದಿನವಾಗಿತ್ತು. ಉತ್ತರವಿಲ್ಲದವನಿಗೆ ಹಟ ಹೆಚ್ಚು. ನಾನಿದ್ದರೆ ನನ್ನ ತಂಬೂರಿಯೊಂದಿಗೆ, ವೇದಿಕೆಯ ಮೇಲೆ. ಇಲ್ಲದಿದ್ದರೆ ಬ್ಯಾಂಡಿನಲ್ಲೇ ಇಲ್ಲ ಎಂದುಬಿಟ್ಟೆ. ವಾರಿಜಕ್ಕ ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಬಡಿಸಿದರು. ಅದನ್ನು ನಾನು ನನ್ನ ಪಕ್ಷದ ಮತವೆಂದು ಲೆಕ್ಕ ಹಾಕಿಕೊಂಡೆ.

ಕಾರ್ಯಕ್ರಮದ ದಿನ ಮಗಳು ನನ್ನ ಜೊತೆ ಬಸ್ಸು ಹತ್ತಲು ಒಪ್ಪಲಿಲ್ಲ. ಕಂಬಳಿ ಸುತ್ತಿದ ತಂಬೂರಿಯನ್ನು ಹೆಗಲಿಗೆ ಹಾಕಿಕೊಂಡ ನನ್ನನ್ನು ನೋಡಿ "ಪಪ್ಪಾ, ದೂ ನಾರ್ಮಾಲ್" ಅಂದಳು. ಡಚ್ಚಿನಲ್ಲಿ, ಸರಿಯಾಗಿ ನಡೆದುಕೋ ಎಂದು ಅರ್ಥ. ಈ ದೇಶದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ನಾರ್ಮಾಲ್ ಆಗದೆಯೇ ಬಸ್ಸು ಹತ್ತಿ, ಮಗುವಿನ ತಳ್ಳುಗಾಡಿ ನಿಲ್ಲಿಸುವ ಜಾಗದಲ್ಲಿ ತಂಬೂರಿಯನ್ನು ತಬ್ಬಿಕೊಂಡು ನಿಂತೆ.

ಬಡಾವಣೆಯ ಸಭಾಂಗಣ ಮಂಜುಗಡ್ಡೆಯಂತಿತ್ತು. ಆ ಚಳಿಯಲ್ಲೇ ಬಿರಡೆ ತಿರುಗಿಸಿ, ಮಣಿ ಸರಿಸಿ, ಕೀಬೋರ್ಡಿಗೆ ಸರಿಯಾಗಿ ಶ್ರುತಿ ಕೂರಿಸಿದೆ. ಆಮೇಲೆ ಜನ ಸೇರಿದರು. ಯಾರೋ ಪುಣ್ಯಾತ್ಮರು ಹೀಟರನ್ನು ಪೂರ್ತಿ ತಿರುಗಿಸಿದರು. ಬಿಸಿಗೆ ತಂತಿ ಸಡಿಲವಾಗುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಎರಡನೆಯ ಹಾಡಿಗೆ ತಂಬೂರಿ ಕೂದಲೆಳೆಯಷ್ಟು ಇಳಿಯಿತು, ನಾಲ್ಕನೆಯದಕ್ಕೆ ಇನ್ನೂ ಇಳಿಯಿತು. ಹಾಡಿನ ಮಧ್ಯೆ ಕೈಬಿಟ್ಟು ಬಿರಡೆಗೆ ಕೈ ಹಾಕಿದರೆ ಕಿರಣನ ಮುಂದೆ ಸೋತಂತೆ. ಕಣ್ಣು ಮುಚ್ಚಿ, ಧ್ಯಾನಸ್ಥನಂತೆ ಮೀಟುತ್ತಲೇ ಇದ್ದೆ. ಪಕ್ಕದಲ್ಲಿದ್ದ ವಾರಿಜಕ್ಕ ನನ್ನ ತಂಬೂರಿಯ ಜೊತೆಗೇ ಶ್ರುತಿಯ ಮೆಟ್ಟಿಲಿಳಿದರು. ಇಳಿಯದೆ ಉಳಿದದ್ದು ಕೀಬೋರ್ಡು ಒಂದೇ. ಅದು ಇದ್ದಲ್ಲೇ ಇತ್ತು, ಪಾಪ, ಕಂಪನಿ ಹೇಳಿಕೊಟ್ಟಂತೆ.

ಊಟದ ಸಾಲಿನಲ್ಲಿ ಯಜಮಾನರೊಬ್ಬರು ಕಿರಣನ ಬೆನ್ನು ತಟ್ಟಿದರು. "ಹಾಡು ತುಂಬಾ ಚೆನ್ನಾಗಿತ್ತು. ನಿಮ್ಮ ಕೀಬೋರ್ಡೇ ಯಾಕೋ ಶ್ರುತಿ ಬಿಡ್ತಿತ್ತು, ಒಂದ್ಸಲ ತೋರಿಸಿಬಿಡಿ." ಕಿರಣನ ಮುಖ ನೋಡಬೇಕಿತ್ತು. ನಾನು ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ವಾರಿಜಕ್ಕ ಪಕ್ಕದಲ್ಲಿದ್ದರು. "ಇಳಿದದ್ದು ನಿಮ್ಮದು ಮಾರಾಯ್ರೆ," ಅಂದರು ಕಿಟಕಿ ನೋಡುತ್ತಲೇ. "ನಂಗೆ ಎರಡನೇ ಹಾಡಲ್ಲೇ ಗೊತ್ತಾಯ್ತು. ಆ ಹುಡುಗನಿಗೆ ನಾಳೆ ನೀವೇ ಹೇಳ್ಬೇಕು."

"ಮತ್ತೆ ನೀವ್ಯಾಕೆ ಆಗಲೇ ಹೇಳ್ಲಿಲ್ಲ ಅಕ್ಕಾ?"

"ಹೇಳಿದ್ರೆ ನಿಮ್ಮನ್ನು ಎಬ್ಬಿಸ್ತಿದ್ರು. ಪಕ್ಕದಲ್ಲಿ ಯಾರೂ ಇಲ್ಲದಿದ್ರೆ ನಂಗೆ ಹಾಡ್ಲಿಕ್ಕೆ ಹೆದರಿಕೆ ಆಗ್ತದೆ. ಊರಲ್ಲಿ ತಂಗಿ ಕೂತ್ಕೊಳ್ತಿದ್ಲು. ಇಲ್ಲಿ ನೀವು ಉಂಟಲ್ಲ."

ತಾಯಿ, ತಂದೆ, ನಾದ ಅಂತೆಲ್ಲ ನಾನು ಮಾಡಿದ ವಾದಗಳಿಗೆ ಅವರು ಸೊಪ್ಪು ಹಾಕಿರಲೇ ಇಲ್ಲ. ಅವರಿಗೆ ಬೇಕಿದ್ದದ್ದು ತಂಬೂರಿಯಲ್ಲ, ತಂಬೂರಿಯ ಹಿಂದೆ ಒಂದು ಆಳು.

ಮರುದಿನ ಕಿರಣನಿಗೆ ಫೋನು ಮಾಡಿ ನಿಜ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ಮುಗಿದ ಮೇಲೆ "ಹಂಗಾದ್ರೆ ಸರ್, ಆ ಆ್ಯಪ್..." ಎಂದು ಮತ್ತೆ ಶುರು ಮಾಡಿದ. ನಾನು ಜಪ್ಪಯ್ಯ ಅನ್ನಲಿಲ್ಲ. ಈಗ ಬ್ಯಾಂಡಿನಲ್ಲಿ ಏನು ನುಡಿಸುತ್ತೀರಿ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ, ಕೂರುತ್ತೇನೆ ಎಂದೇ ಹೇಳುತ್ತೇನೆ. ಪಕ್ಕದಲ್ಲಿ ಕೂರುವ ಆ್ಯಪ್ ಒಂದನ್ನು ಯಾವನಾದರೂ ಮಾಡಲಿ, ಆವತ್ತು ಏಳುತ್ತೇನೆ.